ಹೆಸರು ಹೆರೆದ ಡ್ರಮ್ಮು

“ಸೈನ್ ಹಾಕೋ ಅಂದ್ರೆ ಓದ್ತಾ ನಿಂತಿದೀಯಲ್ಲೋ ಬೋಳಿಮಗನೆ. ನೀನೇನು ಜಡ್ಜಾ?”

ಕಂಟ್ರಾಕ್ಟರ್ ನಂದಕುಮಾರ ಪಾಪಯ್ಯನ ಕೈಯಿಂದ ರಿಜಿಸ್ಟರ್ ಕಿತ್ತುಕೊಂಡು, ಸಹಿಯ ಗೆರೆಯ ಮೇಲೆ ಬೆರಳಿಟ್ಟು ಮತ್ತೆ ಮುಂದೆ ಹಿಡಿದ. ಪಾಪಯ್ಯನಿಗೆ ಓದು ಬರುತ್ತಿತ್ತು, ಏಳನೇ ಕ್ಲಾಸಿನವರೆಗೆ ಹೋದವನು. ಆದರೆ ಅಲ್ಲಿದ್ದದ್ದು ಪೂರ್ತಿ ಇಂಗ್ಲಿಷು.

“ಏನ್ ಬರ್ದದೆ ಅಂತ ಕೇಳ್ದೆ ಅಷ್ಟೇಯ, ಅಣ್ಣ.”

“ಟ್ರೈನಿಂಗ್ ಆಯ್ತು, ಎಲ್ಲಾ ಅರ್ಥ ಆಯ್ತು ಅಂತ ಬರ್ದಿದೆ. ಸಾಕಾ? ನಿಮ್ಮಪ್ಪ ನಮ್ ತಾತನ ಎದುರಿಗೆ ಟವಲ್ ಹೆಗಲ ಮೇಲೆ ಹಾಕ್ತಿರ್ಲಿಲ್ಲ. ನೀನು ನನ್ನ ರಿಜಿಸ್ಟರ್ ಓದ್ತೀಯ.”

ನಂದಕುಮಾರ ಪಾಪಯ್ಯನಿಗಿಂತ ಹದಿನೈದು ವರ್ಷ ಚಿಕ್ಕವನು. ಪಾಪಯ್ಯ ಸಹಿ ಹಾಕಿದ. ಅವನ ಹೆಂಡತಿ ದ್ಯಾವಮ್ಮ ಹೆಬ್ಬೆಟ್ಟು ಒತ್ತಿದಳು.

ಟ್ರೈನಿಂಗ್ ಅಂದರೆ ಹತ್ತು ನಿಮಿಷದ ಒಂದು ಹಿಂದಿ ವಿಡಿಯೋ. ಅದು ಮುಗಿದ ಮೇಲೆ ಸೇಫ್ಟಿ ನೋಡಿಕೊಳ್ಳುವ ಸೇತುರಾಮ ಎಲ್ಲರಿಗೂ ಮಾಸ್ಕು, ಗ್ಲೌಸು ಕೊಟ್ಟು ಸಾಲಾಗಿ ನಿಲ್ಲಿಸಿ ಫೋಟೋ ಹೊಡೆದಿದ್ದ. ಆಮೇಲೆ ಅವನ್ನೆಲ್ಲ ಎಣಿಸಿ ವಾಪಸು ತೆಗೆದುಕೊಂಡು ಬೀರುವಿಗೆ ಬೀಗ ಹಾಕಿದ್ದ.

“ಸಾರ್, ವಿಡಿಯೋದಲ್ಲಿ ಕೈಮ್ಯಾಲೆ ಏನೋ ಸುರ್ದು ಕೈ ತೂತು ಬೀಳ್ತದಲ್ಲ, ಅದೇನ್ ಸಾರ್?” ಅಂತ ಪಾಪಯ್ಯ ಕೇಳಿದ್ದಕ್ಕೆ ಸೇತುರಾಮ, “ಅದೆಲ್ಲ ದೊಡ್ಡ ಫ್ಯಾಕ್ಟ್ರಿಗಳಿಗೆ ಕಣಯ್ಯ” ಅಂದಿದ್ದ.

ಇದು ದೊಡ್ಡ ಫ್ಯಾಕ್ಟರಿಯಲ್ಲ. ಜೆ.ಪಿ. ನಗರದ ಹಿಂಬದಿಯ ಗಲ್ಲಿಯೊಂದರಲ್ಲಿ ಗುರುಶಾಂತಪ್ಪನವರ ತಗಡಿನ ಶೆಡ್ಡು. ಬೋಲ್ಟು, ಬಾಗಿಲ ಕೀಲು, ಕೊಂಡಿಗಳನ್ನು ತೊಟ್ಟಿಯಲ್ಲಿ ಅದ್ದಿ ಸತುವಿನ ಹೊಳಪು ಹತ್ತಿಸುವ ಕೆಲಸ. ಪಾಪಯ್ಯ ತೊಟ್ಟಿ ತೊಳೆಯುತ್ತಿದ್ದ. ದ್ಯಾವಮ್ಮ ಬೋಲ್ಟುಗಳನ್ನು ತಂತಿಗೆ ಪೋಣಿಸುತ್ತಿದ್ದಳು. ಇಬ್ಬರೂ ವಸಂತಪುರದ ಕಾಲೋನಿಯಿಂದ ಎಂಟು ವರ್ಷದಿಂದ ಬರುತ್ತಿದ್ದರು.

ದ್ಯಾವಮ್ಮನಿಗೆ ಇನ್ನೊಂದು ಕೆಲಸವಿತ್ತು. ಹಿಂದಿನ ಕೋಣೆಯಲ್ಲಿ ಟಾರ್ಪಾಲಿನ ಕೆಳಗೆ ಕಬ್ಬಿಣದ ಡ್ರಮ್ಮುಗಳಿದ್ದವು. ಆ ಸರಕಿಗೆ ಗುರುಶಾಂತಪ್ಪನವರ ಹತ್ತಿರ ಲೈಸೆನ್ಸ್ ಇರಲಿಲ್ಲ. ಹೊಸ ಡ್ರಮ್ಮು ಬಂದಾಗಲೆಲ್ಲ ಅದರ ಮೇಲಿನ ಕಾಗದವನ್ನು ಅವಳು ನೀರು ಹಚ್ಚಿ ಬ್ಲೇಡಿನಿಂದ ಹೆರೆದು ತೆಗೆಯಬೇಕಿತ್ತು. ಕಾಗದದಲ್ಲಿದ್ದ ತಲೆಬುರುಡೆಯ ಚಿತ್ರ ಚೂರುಚೂರಾಗಿ ಉಗುರಿಗೆ ಅಂಟುತ್ತಿತ್ತು.

ಮಾರನೆಯ ದಿನ ಮಾಲು ಕೊಳ್ಳುವ ಕಂಪನಿಯವರು ಶೆಡ್ಡು ನೋಡಲು ಬರುವವರಿದ್ದರು. ಅದಕ್ಕೇ ರಿಜಿಸ್ಟರು, ಅದಕ್ಕೇ ಫೋಟೋ. ಅದಕ್ಕೇ ಹಳೇ ತೊಟ್ಟಿಯನ್ನೂ ಅವತ್ತೇ ತೊಳೆಯಬೇಕಾಗಿತ್ತು.

ಪಾಪಯ್ಯ ಪ್ಯಾಂಟು ಮಡಚಿ ತೊಟ್ಟಿಗಿಳಿದ. ಎದೆಮಟ್ಟದ ತೊಟ್ಟಿ. ನೀರು ಬಗ್ಗಿಸಿ ಹಾಕಿದ ಮೇಲೆ ತಳದಲ್ಲಿ ರಾಡಿ, ಅದರಡಿ ಸುಣ್ಣದ ಹಾಗೆ ಕಟ್ಟಿಕೊಂಡ ಗಸಿ.

“ಉಜ್ಜಿದ್ರೂ ಬತ್ತಿಲ್ಲ ಅಣ್ಣ.”

“ಆಸಿಡ್ ಸುರಿಯೋ ಬೇವರ್ಸಿ. ಕಕ್ಕಸ್ ತೊಳಿಯಕ್ ಗೊತ್ತು, ಇದ್ ಗೊತ್ತಿಲ್ವಾ?”

ಮೇಲಿನಿಂದ ಆಸಿಡ್ಡಿನ ಬಕೆಟ್ಟು ಇಳಿಸಿಕೊಟ್ಟವನೂ ನಂದಕುಮಾರನೇ. ಪಾಪಯ್ಯ ಸುರಿದ. ಬುಸ್ಸೆಂದಿತು. ಅವನು ಬಗ್ಗಿ ಪೊರಕೆ ಹಾಕಿದ.

ಹತ್ತು ಅಡಿ ಆಚೆ ಕೂತಿದ್ದ ದ್ಯಾವಮ್ಮನಿಗೆ ಉಜ್ಜುವ ಸದ್ದು ನಿಂತದ್ದು ಕೇಳಿಸಿತು. ಎದ್ದು ಬಂದು ಬಗ್ಗಿ ನೋಡಿದರೆ ಅವನು ಮಂಡಿಯೂರಿ ತೊಟ್ಟಿಯ ಗೋಡೆಗೆ ಒರಗಿದ್ದ. ಬಾಯಿ ತೆರೆದು ಮುಚ್ಚುತ್ತಿತ್ತು. ಅವಳು ಸೀರೆ ಎತ್ತಿ ಕಟ್ಟೆಗೆ ಕಾಲಿಟ್ಟಳು.

“ಇಳೀಬೇಡ! ಯಾರೂ ಇಳೀಬೇಡಿ! ಉಸಿರು ಬಿಗಿ ಹಿಡೀರಿ!”

ಕೂಗಿದವನು ಸೇತುರಾಮ. ಅವನು ಮೂಗಿಗೆ ಕರ್ಚೀಫು ಒತ್ತಿಕೊಂಡು ಶಟರ್ ಕಡೆ ಓಡುತ್ತಿದ್ದ. ಮಾಲು ಎತ್ತುವ ಕೊಕ್ಕೆಗೋಲನ್ನು ಪಾಪಯ್ಯನ ಬೆಲ್ಟಿಗೆ ಸಿಕ್ಕಿಸಿ, ಮೂರು ಜನ ಮುಖ ಆಚೆ ತಿರುಗಿಸಿಕೊಂಡು ಎಳೆದರು. ಮೇಲೆ ಬಂದಾಗ ಅವನ ಕಣ್ಣು ತೆರೆದೇ ಇತ್ತು. ನೋಟ ಇರಲಿಲ್ಲ.

ಆಸ್ಪತ್ರೆಯಲ್ಲಿ ಎಳೇ ವಯಸ್ಸಿನ ಡಾಕ್ಟರಮ್ಮ ಅವನ ರೆಪ್ಪೆ ಬಿಡಿಸಿ ನೋಡಿದಳು, ಬಾಯಿಗೆ ನಳಿಕೆ ಇಳಿಸಿದಳು.

“ಏನ್ ಕೆಮಿಕಲ್?”

“ಬರೀ ಆಸಿಡ್ ಮೇಡಂ,” ಅಂದ ಸೇತುರಾಮ. ಅವನ ಫೋನು ಕಿವಿಯಲ್ಲೇ ಇತ್ತು. ಆ ಕಡೆ ಗುರುಶಾಂತಪ್ಪನವರು.

“ಬರೀ ಆಸಿಡ್ ಹೊಗೆಗೆ ಇಷ್ಟ್ ಬೇಗ ಹೀಗಾಗಲ್ಲ. ಬೇರೆ ಏನಿತ್ತು? ಹೆಸರು ಗೊತ್ತಾದ್ರೆ ಅದಕ್ಕೆ ಔಷಧಿ ಇದೆ. ಸುಮ್ನೆ ಊಹೆ ಮೇಲೆ ಕೊಡಕ್ಕಾಗಲ್ಲ.”

“ಇನ್ನೊಂದದೆ ಡಾಕ್ಟರಮ್ಮ,” ದ್ಯಾವಮ್ಮ ಮುಂದೆ ಬಂದಳು. “ಬೆಳ್ಳಗೆ, ಗುಂಡಗೆ, ಮೊಟ್ಟೆ ತರಾ. ತೊಟ್ಟಿಗ್ ಆಕ್ತಾರೆ. ಇಂದ್ಗಡೆ ಕೋಣೇಲಿ ಡ್ರಮ್ಮಲ್ಲದೆ.”

“ಅದರ ಹೆಸರೇನು?”

ದ್ಯಾವಮ್ಮ ಸೇತುರಾಮನ ಕಡೆ ನೋಡಿದಳು.

“ಅದು ಸೋಪು ಮೇಡಂ. ತೊಳಿಯೋ ಸೋಪು.”

“ನಂಗೆ ಇಳೀಬ್ಯಾಡ ಅಂದ್ರಲ್ಲ ಸಾರ್. ಸೋಪಿಗ್ಯಾಕೆ ಎದ್ರುಕೊಂಡ್ರಿ?” ಅವಳ ದನಿ ಏರಿತು. “ಆ ಮಾತ್ನ ಅವ್ನಿಗ್ ಬೆಳಿಗ್ಗೆ ಅಂದಿದ್ರೆ ನಿನ್ ನಾಲ್ಗೆ ಸೇದೋಗ್ತಿತ್ತಾ?”

ಸೇತುರಾಮ ಫೋನು ಹಿಡಿದು ಕಾರಿಡಾರಿಗೆ ನಡೆದ.

ದ್ಯಾವಮ್ಮ ರಸ್ತೆಗೆ ಓಡಿದಳು. ಆಟೋ ಜಯದೇವ ಸಿಗ್ನಲ್ಲಿನಲ್ಲಿ ನಿಂತಾಗ ಅವಳಿಗೆ ತನ್ನ ಉಗುರುಗಳೇ ಕಾಣುತ್ತಿದ್ದವು. ಎಂಟು ವರ್ಷದಲ್ಲಿ ಎಷ್ಟು ಡ್ರಮ್ಮಿನ ಹೆಸರು ಹೆರೆದು ಹಾಕಿದ್ದೇನೆ ಅಂತ ಲೆಕ್ಕ ಹತ್ತಲಿಲ್ಲ. ಹೋದ ವಾರ ಬಂದ ನಾಲ್ಕು ಮಾತ್ರ ಬಾಕಿಯಿದ್ದವು. ಸೊಂಟ ನೋವೆಂದು ಸಂಜೆಗೆ ಬಿಟ್ಟಿದ್ದಳು.

ಶೆಡ್ಡಿನ ಹಿಂಬಾಗಿಲಲ್ಲಿ ಟೆಂಪೋ ನಿಂತಿತ್ತು. ನಂದಕುಮಾರ ಡ್ರಮ್ಮುಗಳನ್ನು ಹೇರಿಸುತ್ತಿದ್ದ. ತೊಟ್ಟಿಯ ಪಕ್ಕದಲ್ಲಿ ಪಾಪಯ್ಯನ ಒಂದು ಚಪ್ಪಲಿ ಹಾಗೇ ಬಿದ್ದಿತ್ತು. ನಾಲ್ಕರಲ್ಲಿ ಒಂದು ಡ್ರಮ್ಮು ಖಾಲಿಯಾಗಿ ಗೋಡೆಗೆ ಒರಗಿತ್ತು, ಕಾಗದ ಅದರ ಮೈಮೇಲೇ ಇತ್ತು. ದ್ಯಾವಮ್ಮ ಅದನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು.

“ಏಯ್, ಇಡೇ ಲೌಡಿ ಅದನ್ನ! ಮಾಲ್ ಕದೀತೀಯಾ?”

ನಂದಕುಮಾರ ಅವಳ ಜಡೆ ಹಿಡಿದ. ಡ್ರಮ್ಮಿನ ಅಂಚು ಅವನ ಮೊಣಕಾಲಿಗೆ ಬಡಿಯಿತು. ಬಡಿದದ್ದೋ ಬಡಿಸಿದ್ದೋ ಅವಳಿಗೇ ಗೊತ್ತಾಗಲಿಲ್ಲ. ಅವನು ಕಾಲು ಹಿಡಿದು ಕೂತಾಗ ಅವಳು ಗಲ್ಲಿ ದಾಟಿದ್ದಳು.

ಮೊದಲ ಎರಡು ಆಟೋಗಳು ಡ್ರಮ್ಮು ನೋಡಿ ನಿಲ್ಲಿಸಲಿಲ್ಲ. ಮೂರನೆಯವನು ತಲೆಬುರುಡೆ ನೋಡಿ, “ಏನಕ್ಕಾ ಇದು?” ಅಂದ. “ಅದನ್ನೇ ಕೇಳಕ್ಕೋಯ್ತಿವ್ನಿ, ನಡಿಯಪ್ಪ,” ಅಂದಳು.

ಡಾಕ್ಟರಮ್ಮ ಕಾಗದ ಓದಿದಳು. “ಸಯನೈಡ್,” ಅಂದಳು. “ಆಸಿಡ್ ಬಿದ್ರೆ ಗ್ಯಾಸ್ ಆಗುತ್ತೆ. ಇದನ್ನ ಹೊರಗಿಡಿ, ಕೈ ತೊಳ್ಕೊಳ್ಳಿ ಮೊದ್ಲು.” ನರ್ಸು ಔಷಧಿಗೆ ಓಡಿದಳು. ಆ ಹೊತ್ತಿಗೆ ಅವನು ಬಿದ್ದು ಒಂದೂವರೆ ಗಂಟೆ ಕಳೆದುಹೋಗಿತ್ತು.

ಪಾಪಯ್ಯ ಬದುಕಿದ. ಕಣ್ಣು ಬಿಟ್ಟದ್ದು ನಾಲ್ಕನೇ ದಿನ. ಕೈ ಒಂದೇ ಸಮ ನಡುಗುತ್ತಿತ್ತು. ಗಂಜಿ ಬಾಯಿಯ ಪಕ್ಕದಿಂದ ಸುರಿದುಹೋಗುತ್ತಿತ್ತು. ಹೆಂಡತಿಯನ್ನು ನೋಡಿ ಏನೋ ಅನ್ನಲು ಹೋಗುತ್ತಿದ್ದ. ನಾಲಗೆ ತಿರುಗುತ್ತಿರಲಿಲ್ಲ. ಕೊನೆಗೆ ಅಳುತ್ತಿದ್ದ.

ಮನೆಗೆ ಕರೆತಂದ ಮೇಲೆ ನಂದಕುಮಾರ ಕಾಲೋನಿಗೆ ಬಂದ. ಒಳಗೆ ಬರಲಿಲ್ಲ, ಬೈಕಿನಿಂದ ಇಳಿಯಲೂ ಇಲ್ಲ.

“ನಿನ್ ಗಂಡ ಕುಡ್ಕೊಂಡ್ ಬಂದು ಬಿದ್ದ ಅಂತ ರಿಪೋರ್ಟ್ ಆಗಿದೆ. ಡ್ರಮ್ ಕದ್ದಿದೀಯ ಅಂತ ನಿನ್ ಮೇಲೂ ಕಂಪ್ಲೇಂಟ್ ಇದೆ. ಬಾಯ್ ಮುಚ್ಕೊಂಡಿದ್ರೆ ಸಾಹುಕಾರ್ರು ಅದನ್ನ ವಾಪಸ್ ತಗೋತಾರೆ.”

ದ್ಯಾವಮ್ಮ ಗಂಡನ ಬಾಯಿ ಒರೆಸುತ್ತಿದ್ದಳು.

ಸೋಮವಾರ ಬೆಳಿಗ್ಗೆ ಅವಳು ಶೆಡ್ಡಿನ ಗೇಟಿಗೆ ಅಡ್ಡ ನಿಂತಳು. ಎಂಟು ಗಂಟೆಗೆ ಟೆಂಪೋ ಬಂತು. ಮಡಿವಾಳದ ಬಳಿ ಕೂಲಿಗೆ ಕಾದು ನಿಲ್ಲುವವರಲ್ಲಿ ಐದು ಜನರನ್ನು ನಂದಕುಮಾರ ತಂದಿದ್ದ. ಮೊದಲು ಇಳಿದವನು ಎತ್ತರದ ಆಳು, ಹೆಸರು ಸಿದ್ದಾರೂಢ, ರಾಯಚೂರಿನ ಕಡೆಯವನು.

“ಒಳಕ್ ಓಗ್ಬ್ಯಾಡ್ರಪ್ಪ,” ಅಂದಳು ದ್ಯಾವಮ್ಮ. “ಒಳ್ಗಡೆ ತಿರ್ಗಾ ಸಯನೈಡ್ ತಂದ್ ಮಡ್ಗವ್ರೆ. ನನ್ ಗಂಡ ಅದ್ರಿಂದ್ಲೇ ಮೂಲೆ ಸೇರ್ಕಂಡವ್ನೆ.”

“ಹುಚ್ಚು ಮುಂಡೆ. ಗಂಡ ಕುಡ್ದು ಬಿದ್ದ, ಇವಳಿಗೆ ತಲೆ ಕೆಟ್ಟಿದೆ. ನೀವ್ ನಡೀರಿ.”

ನಾಲ್ವರು ತಲೆ ತಗ್ಗಿಸಿ ಅವಳನ್ನು ಬಳಸಿಕೊಂಡು ಒಳಗೆ ಹೋದರು. ಸಿದ್ದಾರೂಢ ಒಂದು ಕಾಲು ಗೇಟಿನೊಳಗಿಟ್ಟು ನಿಂತ. ಅಷ್ಟರಲ್ಲಿ ಸೇತುರಾಮ ಸ್ಕೂಟರು ನಿಲ್ಲಿಸಿ ಬಂದ.

“ನಾನ್ ಏಳುದ್ರೆ ಉಚ್ಚಿ ಅಂತಾರೆ,” ಅಂದಳು ದ್ಯಾವಮ್ಮ. “ನೀವು ಓದ್ದೋರು. ಆ ಡ್ರಮ್ಮಲ್ಲಿರೋದ್ರ ಎಸ್ರು ಇವ್ರಿಗ್ ಏಳ್ಬುಡಿ ಸಾರ್. ನಾನ್ ದಾರಿ ಬುಟ್ಬುಡ್ತೀನಿ.”

“ಮೊದ್ಲು ಹೆಸರು ಅನ್ನೋದ್ ಕಲಿ. ಹಕಾರ ತಿರುಗಲ್ಲ ಬಾಯಲ್ಲಿ, ಕೆಮಿಸ್ಟ್ರಿ ಬೇಕಂತೆ.”

ನಂದಕುಮಾರ ಜೋರಾಗಿ ನಕ್ಕ. ದ್ಯಾವಮ್ಮ ಕದಲಲಿಲ್ಲ.

“ಆಯ್ತು ಸಾರ್. ನನ್ ಬಾಯ್ ಸರಿಯಿಲ್ಲ. ನಿಮ್ ಬಾಯಲ್ಲೇ ಏಳಿ.”

“ಹೇಳ್ರಿ ಸಾಹೇಬ್ರ,” ಅಂದ ಸಿದ್ದಾರೂಢ. “ಏನೈತಿ ಅದರಾಗ?”

ಸೇತುರಾಮನ ತುಟಿ ಬಿಚ್ಚಿತು. ಶೆಡ್ಡಿನ ಪಕ್ಕದ ಆಫೀಸಿನ ಮಹಡಿ ಕಿಟಕಿಯಲ್ಲಿ ಗುರುಶಾಂತಪ್ಪನವರು ನಿಂತಿದ್ದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಸೇತುರಾಮ ಆ ಕಡೆ ನೋಡಿ, ಬಾಯಿ ಮುಚ್ಚಿದ.

ಒಳಗೆ ಯಾರೋ ನಲ್ಲಿ ತಿರುಗಿಸಿದರು. ಖಾಲಿ ತೊಟ್ಟಿಗೆ ನೀರು ಬೀಳುವ ಸದ್ದು ಶುರುವಾಯಿತು. ಸಿದ್ದಾರೂಢ ಉತ್ತರಕ್ಕೆ ಕಾಯುತ್ತಲೇ ಇದ್ದ. ಗೇಟಿನೊಳಗಿಟ್ಟ ಒಂದು ಕಾಲನ್ನು ಅವನು ಇನ್ನೂ ಹೊರಗೆ ತೆಗೆದಿರಲಿಲ್ಲ.