ಕೆಂಪು ನೂಲಿನ ಜಾಕೆಟ್

ಐತನಿಗೆ ಈಜು ಬರುತ್ತಿರಲಿಲ್ಲ. ಮೂವತ್ತು ವರ್ಷ ಕಡಲಿಗೆ ಹೋದವನಿಗೆ ಈಜು ಬಾರದು ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ತ್ರಾಸಿಯ ಕಡಲಬದಿಯಲ್ಲಿ ಯಾರೂ ನಗುವುದಿಲ್ಲ. ಈಜು ಬರುವವನು ದೋಣಿ ಬಿಟ್ಟು ದಡಕ್ಕೆ ಹೊರಟು ನಡುನೀರಿನಲ್ಲಿ ಸೋಲುತ್ತಾನೆ, ಬಾರದವನು ದೋಣಿಯನ್ನು ಕಚ್ಚಿ ಹಿಡಿದು ಉಳಿಯುತ್ತಾನೆ ಎಂಬುದು ಅವನ ಲೆಕ್ಕ.

2007ರ ಮಳೆಗಾಲ ಇಳಿಯುವ ಹೊತ್ತಿಗೆ ಯಾವುದೋ ಸಂಸ್ಥೆಯವರು ಊರಿನ ದೋಣಿಗಳಿಗೆ ನಲವತ್ತು ಲೈಫ್ ಜಾಕೆಟ್ ಹಂಚಿದರು. ಐತನ ದೋಣಿಗೆ ಆರು ಬಂದವು. ಜಾಕೆಟಿನ ಹೊಟ್ಟೆಯೊಳಗೆ ಹಗುರವಾದ ಬಿಳಿ ಫೋಮು ಇತ್ತು. ಐತನ ಕಣ್ಣಿಗೆ ಅದು ಜೀವ ಉಳಿಸುವ ಸಾಮಾನಾಗಿ ಕಾಣಲಿಲ್ಲ, ಬೆಂಡಾಗಿ ಕಂಡಿತು. ಬಲೆಯ ಮೇಲಂಚನ್ನು ನೀರಿನ ಮೇಲೆ ತೇಲಿಸುವ ಬೆಂಡು ಮಳೆಗಾಲ ಕಳೆಯುವಾಗ ಯಾವತ್ತೂ ಸಾಲುವುದಿಲ್ಲ. ಅವನು ನಾಲ್ಕು ಜಾಕೆಟ್ ಬಿಚ್ಚಿ ಫೋಮನ್ನು ಕೊಯ್ದು ಬಲೆಗೆ ಕಟ್ಟಿದ. ಹಾಗೆಂದು ಜಾಕೆಟನ್ನು ಬಿಸಾಡುವಂತಿರಲಿಲ್ಲ. ಅವನ್ನು ಸರಿಯಾಗಿ ಇಟ್ಟುಕೊಂಡ ದೋಣಿಗೆ ವಾಕಿಟಾಕಿ ಕೊಡುತ್ತೇವೆಂದು ಸಂಸ್ಥೆಯವರು ಹೇಳಿದ್ದರು. ಐತ ಖಾಲಿ ಜಾಕೆಟುಗಳನ್ನು ಅಕ್ಕ ಜಲಜಳ ಮನೆಗೆ ಒಯ್ದ. ಅವಳು ಮೀನು ಮಾರಿ ಬಂದು, ಉಂಡು, ತನ್ನ ಹಳೆ ಸೀರೆಗಳನ್ನು ಹರಿದು ಒಳಗೆ ತುಂಬಿ, ಹೊಲಿಗೆ ಮೆಷಿನ್ನಿನಲ್ಲಿ ಚಂದ ಮಾಡಿ ಹೊಲಿದುಕೊಟ್ಟಳು. ಕೊಯ್ಯದೆ ಉಳಿದ ಎರಡರ ಕುತ್ತಿಗೆಪಟ್ಟಿಗೆ ಐತ ಕೆಂಪು ನೂಲಿನ ಗುರುತು ಹಾಕಿಸಿದ.

ಜಾಕೆಟುಗಳ ಪರೀಕ್ಷೆ ಮಾಡಲು ಸಂಸ್ಥೆಯಿಂದ ಬಂದವನು ರಸೆಲ್ ಎಂಬ ಅಮೆರಿಕದವನು. ಅರವತ್ತು ದಾಟಿದವ, ಬೋಳುತಲೆ, ಬೇಯಿಸಿದ ಸಿಗಡಿಯ ಬಣ್ಣ. ಬಂದ ವಾರವೇ ಮೀನುಗಾರರ ಸೊಸೈಟಿಯ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ತನ್ನ ಕಥೆ ಹೇಳಿದ. ಕೋಟದ ಕಡೆಯ ಶ್ರೀಲತಾ ಟೀಚರು ಅದನ್ನು ಕನ್ನಡಕ್ಕೆ ತಿರುಗಿಸಿದರು. ಅವನು ಹಿಂದೆ ಅವರ ಊರಿನ ಬಂದರಿನಲ್ಲಿ ದೋಣಿಗಳ ಸುರಕ್ಷೆಯ ಸಾಮಾನು ತಪಾಸಣೆ ಮಾಡುವವನಾಗಿದ್ದ. ಒಂದು ದಿನ ಚಳಿಗೆ ಸೋಮಾರಿಯಾಗಿ, ಪೆಟ್ಟಿಗೆ ತೆರೆಯದೆಯೇ ಎಲ್ಲ ಸರಿ ಇದೆ ಎಂದು ಸಹಿ ಹಾಕಿದ. ಪೆಟ್ಟಿಗೆಯಲ್ಲಿದ್ದ ಜಾಕೆಟುಗಳನ್ನು ಇಲಿ ತಿಂದಿತ್ತು. ಆ ದೋಣಿ ಮುಳುಗಿ ಅಣ್ಣ ತಮ್ಮ ಇಬ್ಬರು ಸತ್ತರು. ವಿಚಾರಣೆಯಲ್ಲಿ ತಪ್ಪು ಕಡಲಿನದ್ದು ಎಂದು ಆಯಿತು. ಹನ್ನೊಂದು ದಿನ ಸುಮ್ಮನಿದ್ದು, ಹನ್ನೆರಡನೆಯ ದಿನ ಅವನು ಸತ್ತವರ ತಾಯಿಯ ಮನೆಗೆ ಹೋಗಿ ತಾನು ಮಾಡಿದ್ದು ಹೇಳಿದ. ಕೆಲಸ ಹೋಯಿತು, ಒಂದೂವರೆ ವರ್ಷ ಜೈಲಾಯಿತು. ಹೊರಬಂದ ಮೇಲೆ ಇಪ್ಪತ್ತು ವರ್ಷ ಸಂಬಳವಿಲ್ಲದೆ, ಮುಳುಗುವವರನ್ನು ಎತ್ತುವ ದೋಣಿಯಲ್ಲಿ ದುಡಿದ.

ಕೇಳಿದವರಲ್ಲಿ ಕೆಲವರು ಲೊಚಗುಟ್ಟಿದರು. ಐತ ಪಕ್ಕದಲ್ಲಿದ್ದ ಗಣಪನ ಕಿವಿಯಲ್ಲಿ, "ಯಾರ್ ಕಂಡಿರ್ ಮಾರಾಯ? ಇಂವ ಬಾಯಿ ಬಿಟ್ಟದ್ದ್ ಎಂತಕೆ?" ಎಂದ. ಬೇರೊಂದು ದೋಣಿ ನಡೆಸುವ ತಂಡೇಲ ಗಣಪ ಯಾವಾಗಲೂ ಹಲ್ಲು ಬಿಡುವವನು. ಅವತ್ತು ನಗಲಿಲ್ಲ.

ಪರೀಕ್ಷೆಯ ನಿಯಮ ಸರಳವಾಗಿತ್ತು. ತೆರೆ ಒಡೆಯುವ ಜಾಗ ದಾಟಿದ ಮೇಲೆ ಪ್ರತಿ ದೋಣಿಯಿಂದ ಒಬ್ಬ ನೀರಿಗೆ ಹಾರಬೇಕು, ಕಾಲು ಗಂಟೆ ತೇಲಬೇಕು. ಸಾಕ್ಷಿಗೆ ಇನ್ನೊಂದು ದೋಣಿಯ ತಂಡೇಲ ಇರಬೇಕು. ಐತನ ದೋಣಿಯ ಸರದಿ ಮೊದಲು ಬಂತು. ಹಾರುವವನು ಜಲಜಳ ಮಗ ವಿಶಾಲ್. ಇಪ್ಪತ್ತೆರಡು ವರ್ಷ, ಅವನಿಗೂ ಈಜು ಬಾರದು. ಸಾಕ್ಷಿ ಗಣಪ. ಐತ ಎಲ್ಲ ಯೋಚಿಸಿಯೇ ಇಟ್ಟಿದ್ದ. ಕೆಂಪು ನೂಲಿನದ್ದು ಒಂದು ವಿಶಾಲನಿಗೆ, ಇನ್ನೊಂದು ರಸೆಲ್‌ಗೆ. ತಾನೂ ಗಣಪನೂ ಚಿಂದಿಯದ್ದು ಹಾಕಿಕೊಂಡು ದೋಣಿಯಲ್ಲೇ ಕೂರುವುದು.

ಬೆಳಿಗ್ಗೆ ಎಂಟಕ್ಕೆ ದೋಣಿ ನೂಕಿದರು. ಮೂರು ದೊಡ್ಡ ತೆರೆ ಬಿಟ್ಟು, ಸಣ್ಣದು ಬಂದಾಗ ಐತ ಇಂಜಿನ್ ಎಬ್ಬಿಸಿ ಹೊರಗೆ ಹೊಡೆದು ಲಂಗರು ಬಿಟ್ಟ. ಅಲ್ಲಿ ಜಾಕೆಟ್ ಹಂಚುವಾಗ ಒಂದು ಎಡವಟ್ಟಾಯಿತು. ರಸೆಲ್‌ನ ಊರಿನ ಕ್ರಮದಲ್ಲಿ ದೋಣಿ ನಡೆಸುವವನಿಗೆ ಮೊದಲು ಜಾಕೆಟ್. ಅವನು ವಿಶಾಲನ ಕೈಯಲ್ಲಿದ್ದುದನ್ನು ತೆಗೆದು ಐತನ ಮೈಗೆ ತಾನೇ ಹಾಕಿ, ಪಟ್ಟಿ ಎಳೆದು, ಬಕ್ಕಲ್ ಒತ್ತಿ, ಬೆನ್ನು ತಟ್ಟಿದ. ವಿಶಾಲ್ ಕೆಳಗೆ ಬಿದ್ದಿದ್ದ ಇನ್ನೊಂದನ್ನು ಎತ್ತಿ ಹಾಕಿಕೊಂಡ.

ಐತ ಅದನ್ನು ನೋಡಿದ. ಕುತ್ತಿಗೆಪಟ್ಟಿಯಲ್ಲಿ ಕೆಂಪು ನೂಲಿರಲಿಲ್ಲ. ಬದಲಿಸು ಎಂದರೆ ಯಾಕೆ ಎಂದು ಗಣಪ ಕೇಳುತ್ತಾನೆ. ಸಂಜೆಯೊಳಗೆ ಬೀಜಾಡಿಯವರೆಗೂ ಮಾತು ಮುಟ್ಟುತ್ತದೆ. ತನಗೆ ಸೆಕೆಯಾಗುತ್ತದೆ, ಇದನ್ನು ವಿಶಾಲನೇ ಹಾಕಿಕೊಳ್ಳಲಿ ಎನ್ನುವುದೆಂದು ಐತ ಲೆಕ್ಕ ಹಾಕುತ್ತಿದ್ದ. ಅಷ್ಟರಲ್ಲಿ ವಿಶಾಲ್ ದೋಣಿಯ ಅಂಚು ಹತ್ತಿ, "ಹ್ವಾಯ್ ಮಾವ, ಬತ್ತೆ. ವಾಕಿಟಾಕಿ ನಂಗೇ ಕೊಡ್ಕ್ ಅಕಾ" ಎಂದು ಹೇಳಿ ಹಾರಿಬಿಟ್ಟ.

ಮೊದಲು ತೇಲಿದ. ಬಟ್ಟೆಯ ನಡುವೆ ಗಾಳಿ ಇತ್ತು. ಕೈ ಬೀಸಿ ನಕ್ಕ. ರಸೆಲ್ ಗಡಿಯಾರ ನೋಡಿದ. ಎರಡು ನಿಮಿಷಕ್ಕೆ ನೀರು ವಿಶಾಲನ ಗಲ್ಲಕ್ಕೆ ಬಂತು, ಮೂರಕ್ಕೆ ಬಾಯಿಗೆ. ಹುಡುಗ ಆಟ ಮಾಡುತ್ತಿದ್ದಾನೆಂದು ಗಣಪ ಬೈದ. ಐತನಿಗೆ ಮಾತ್ರ ಗೊತ್ತಿತ್ತು, ಒದ್ದೆಯಾದ ಆರು ಗಜದ ಸೀರೆ ಎಷ್ಟು ಭಾರವಾಗುತ್ತದೆ ಎಂದು.

"ಅದ್ರಲ್ ಬೆಂಡ್ ಇಲ್ಲೆ," ಐತ ಹೇಳಿದ. "ಚಿಂದಿ ತುಂಬ್ಸಿದ್ದೆ. ನಾನೇ."

ಹೇಳಿ ಹಾರಿದ. ನೀರಿಗೆ ಬಿದ್ದಾಗ ಕಣ್ಣು, ಮೂಗು, ಕಿವಿ ಎಲ್ಲ ಕಡಲಾಯಿತು. ಜಾಕೆಟ್ ಅವನನ್ನು ಮೇಲೆ ಎತ್ತಿತು. ಈಜು ಗೊತ್ತಿಲ್ಲದ ಕೈಯಿಂದ ನಾಯಿಯ ಹಾಗೆ ನೀರು ಹೊಡೆದ. ಎರಡು ಮಾರು ದೂರ, ಮುಗಿಯಲೇ ಇಲ್ಲ. ವಿಶಾಲನ ಕೂದಲು ಕೈಗೆ ಸಿಕ್ಕಿತು. ವಿಶಾಲ್ ಅವನ ಕುತ್ತಿಗೆಗೆ ಜೋತುಬಿದ್ದ. ಒಂದು ಜಾಕೆಟ್ ಇಬ್ಬರನ್ನು ಹೊರಲಾರದೆ ತಗ್ಗಿತು. ನೀರು ಇಬ್ಬರನ್ನೂ ತೆರೆ ಒಡೆಯುವ ಕಡೆಗೆ ಎಳೆಯತೊಡಗಿತು. ಅಲ್ಲಿಗೆ ಹೋದರೆ ಮುಗಿಯಿತು.

ರಸೆಲ್‌ಗೆ ಮಾತು ತಿಳಿಯದಿದ್ದರೂ ಸಂಗತಿ ತಿಳಿಯಿತು. ಲಂಗರಿನ ಹಗ್ಗ ಕೊಯ್ದು ಒಂದು ತುದಿ ಸೊಂಟಕ್ಕೆ ಕಟ್ಟಿಕೊಂಡ, ಇನ್ನೊಂದನ್ನು ಗಣಪನ ಕೈಗೆ ಕೊಟ್ಟು ಹಾರಿದ. ಅರವತ್ತು ದಾಟಿದವನು ಬಾಣದ ಹಾಗೆ ಹೋದ. ಹಿಂದಿನಿಂದ ಹೋಗಿ ವಿಶಾಲನ ಬೆರಳುಗಳನ್ನು ಒಂದೊಂದಾಗಿ ಐತನ ಕುತ್ತಿಗೆಯಿಂದ ಬಿಡಿಸಿದ, ಚಿಂದಿಯ ಜಾಕೆಟನ್ನು ಕಿತ್ತು ನೀರಿಗೆ ಬಿಟ್ಟ. ಇಬ್ಬರನ್ನೂ ಎರಡು ಕಂಕುಳಲ್ಲಿ ಹಿಡಿದು ಕೂಗಿದ. ಗಣಪ ಎಳೆದ. ಜಾರದಿರಲೆಂದು ಹಗ್ಗವನ್ನು ಬಲಗೈಗೆ ಸುತ್ತಿಕೊಂಡಿದ್ದ. ಅದೇ ಗಳಿಗೆಗೆ ದೊಡ್ಡ ತೆರೆ ದೋಣಿಯನ್ನು ಎತ್ತಿ ಹಾಕಿತು. ಹಗ್ಗ ಬಿಗಿಯಿತು. ಗಣಪ ಕಿರುಚಿದ, ಆದರೆ ಬಿಡಲಿಲ್ಲ. ಮೂವರೂ ದೋಣಿಯ ಬದಿ ಹಿಡಿಯುವವರೆಗೂ ಬಿಡಲಿಲ್ಲ.

ವಾಪಸು ಬರುವಾಗ ವಿಶಾಲ್ ಕವುಚಿ ಬಿದ್ದು ನೀರು ಕಾರುತ್ತಿದ್ದ. ರಸೆಲ್ ಗಣಪನ ಕೈಗೆ ಅವನ ತಲೆಗೆ ಕಟ್ಟಿದ್ದ ಬೈರಾಸು ಸುತ್ತಿ ಎತ್ತಿ ಹಿಡಿದಿದ್ದ. ಗಣಪನ ಮುಖ ಬೂದಿಯಾಗಿತ್ತು. ಅವನು ಐತನಿಗೆ ಮಾತ್ರ ಕೇಳುವ ಹಾಗೆ ಹೇಳಿದ.

"ಬಕ್ಕಲ್ ತುಂಡಾಯ್ತ್ ಅಂತ ಹೇಳ್. ಚಿಂದಿದ್ ಕಡಲಿಗ್ ಹೋಯ್ತಲೆ, ಯಾರ್ ಕಾಂತ್ರ್? ನಮ್ಮ ದೋಣಿಯದ್ದೂ ಹಂಗೇ ಇತ್ತ್. ಎಲ್ಲರದ್ದೂ ಹಂಗೇ."

ಐತ ತೆರೆ ನೋಡಿಕೊಂಡು ದೋಣಿಯನ್ನು ದಡಕ್ಕೆ ಹೊಡೆದ. ದಡದಲ್ಲಿ ಜನ ಸೇರಿದ್ದರು. ಗಣಪನನ್ನು ಜೀಪಿನಲ್ಲಿ ಕುಂದಾಪುರದ ಆಸ್ಪತ್ರೆಗೆ ಕಳಿಸಿದರು. ಜಲಜ ಮೀನಿನ ಬುಟ್ಟಿ ಪಕ್ಕಕ್ಕೆ ಹಾಕಿ ಮಗನ ತಲೆ ಒರೆಸುತ್ತಿದ್ದಳು. ಏನಾಯಿತು ಎಂದು ರಸೆಲ್‌ನ ಪರವಾಗಿ ಶ್ರೀಲತಾ ಟೀಚರು ಕೇಳಿದರು. ಬಕ್ಕಲ್ ಎಂಬ ಮಾತು ಐತನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಸುತ್ತ ನಿಂತ ತಂಡೇಲರು ನೆಲ ನೋಡುತ್ತಿದ್ದರು. ಐತ ದೋಣಿಯಿಂದ ಇನ್ನೊಂದು ಜಾಕೆಟ್ ತಂದು, ಬುಟ್ಟಿಯಲ್ಲಿದ್ದ ಕತ್ತಿಯಿಂದ ಹೊಟ್ಟೆ ಸೀಳಿದ. ಜಲಜಳ ಹಸಿರು ಸೀರೆ ಹೊರಬಿತ್ತು.

"ಅಕ್ಕ, ನೀ ಹೊಲ್ದದ್ದನ್ನೇ ಇಂವ ಹಾಕಂಡಿದ್ದ. ನಂಗೊತ್ತಿತ್ತ್. ಹಾರುಕ್ ಮುಂಚೆ ಹೇಳ್ಲಿಲ್ಲ."

ಜಲಜ ಸೀರೆಯನ್ನು ನೋಡಿದಳು, ತಮ್ಮನನ್ನು ನೋಡಿದಳು. ಮಗನನ್ನು ಎಬ್ಬಿಸಿಕೊಂಡು ಹೋದಳು. ಐತನ ಜೊತೆ ಆಮೇಲೆ ಅವಳು ಮಾತಾಡಿದ್ದು ಮರುವರ್ಷದ ಮಳೆಗಾಲದಲ್ಲಿ.

ಟೀಚರು ಹೇಳಿದ್ದನ್ನು ಕೇಳಿ ರಸೆಲ್ ಐತನನ್ನು ಅಪ್ಪಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಉಳಿದ ಜಾಕೆಟುಗಳನ್ನು ತರಿಸಿ ಎಂದಷ್ಟೇ ಹೇಳಿದ. ಮಧ್ಯಾಹ್ನದೊಳಗೆ ಎಲ್ಲ ದೋಣಿಗಳ ಜಾಕೆಟುಗಳನ್ನು ಮರಳಿನ ಮೇಲೆ ಸಾಲಾಗಿ ಇಟ್ಟರು. ಐತ ಕತ್ತಿ ಹಿಡಿದು, ಒತ್ತಿ ನೋಡಿ, ಫೋಮು ಇಲ್ಲದ್ದನ್ನೆಲ್ಲ ಒಂದೊಂದಾಗಿ ಸೀಳಿದ. ಯಾರೂ ತಡೆಯಲಿಲ್ಲ. ಹುಲ್ಲು, ಹಳೆ ಬಲೆ, ಸಿಮೆಂಟಿನ ಚೀಲ ಹೊರಬಂದವು. ವಾಕಿಟಾಕಿ ಯಾರಿಗೂ ಸಿಗಲಿಲ್ಲ.

ಹೋದದ್ದು ಇಷ್ಟು. ನಲವತ್ತರಲ್ಲಿ ಜಾಕೆಟ್ ಮೂವತ್ತೊಂದು. ಲಂಗರು ಒಂದು. ಗಣಪನ ಬಲಗೈಯ ಬೆರಳು ಎರಡು.