ಬರೀರಿ ಸ್ವಾಮಿ, ಬರೀರಿ

ಅವರ ಕೋಟಿನ ಬಲಜೇಬು ಎಡಜೇಬಿಗಿಂತ ನಾಲ್ಕು ಬೆರಳು ಕೆಳಗೆ ಜೋತುಬಿದ್ದಿರುತ್ತಿತ್ತು. ಅದರೊಳಗಿನ ನಗರಸಭೆಯ ನಿಯಮಗಳ ದಪ್ಪ ಪುಸ್ತಕದ ಭಾರಕ್ಕೆ ನಡಿಗೆಯೂ ಬಲಕ್ಕೆ ವಾಲಿ, ದೂರದಿಂದಲೇ ಕಂಡು ಜವಾನರು "ವಿರೋಧ ಪಕ್ಷ ಬಂತು" ಎಂದು ನಗುತ್ತಿದ್ದರು. ನಗರಸಭೆಯಲ್ಲಿ ಆ ಪಕ್ಷದ ಸದಸ್ಯರೆಂದರೆ ಅವರೊಬ್ಬರೇ. ಉಳಿದ ಇಪ್ಪತ್ತೆರಡು ಕುರ್ಚಿಗಳೂ ಅಧ್ಯಕ್ಷರ ಕಡೆಯವು.

ಸಭಾಂಗಣಕ್ಕೆ ನೀರು ತಂದಿಡುವುದು ನನ್ನ ಕೆಲಸ. ಓದಿದ್ದು ಮೂರನೇ ಕ್ಲಾಸು; ಆದರೆ ಕಿವಿಗೆ ಯಾರೂ ಬೀಗ ಹಾಕಿರಲಿಲ್ಲವಲ್ಲ. ಅವರು ಎದ್ದೊಡನೆ ಮೈಕು ಸಾಯುತ್ತಿತ್ತು, ಕೂತೊಡನೆ ಬದುಕುತ್ತಿತ್ತು. ಅಷ್ಟು ವರ್ಷ ಅದೊಂದು ರೋಗಕ್ಕೆ ಯಾರೂ ಮದ್ದು ಹುಡುಕಲಿಲ್ಲ! ಅವರು ಗಂಟಲನ್ನೇ ಮೈಕು ಮಾಡಿಕೊಂಡು ಮಾತಾಡಿ, ಕೊನೆಗೆ ಗುಮಾಸ್ತರ ಕಡೆ ತಿರುಗಿ ಅದೇ ಮಾತು ಹೇಳುತ್ತಿದ್ದರು: "ನನ್ನ ವಿರೋಧ ಇದೆ. ಬರೀರಿ ಸ್ವಾಮಿ, ಬರೀರಿ."

ಹೆರಿಗೆ ಆಸ್ಪತ್ರೆ ಮುಚ್ಚಿ ಅಲ್ಲಿ ಅಂಗಡಿ ಮಳಿಗೆ ಕಟ್ಟುವ ಠರಾವು ಬಂದಾಗ ನನ್ನ ಸೊಸೆಗೆ ಮೂರು ತಿಂಗಳು. ನಮ್ಮಂಥವರಿಗೆ ಬೇರೆ ಆಸ್ಪತ್ರೆ ಎಟಕುವ ಹಾಗಿರಲಿಲ್ಲ. ಇಪ್ಪತ್ತೆರಡು ಕೈಗಳು ಮೇಲೆದ್ದವು. ಗುಮಾಸ್ತರು "ಸರ್ವಾನುಮತದಿಂದ ಅಂಗೀಕಾರ" ಎಂದು ಓದಿದರು.

"ನಾನೇನು ಗೋಡೆ ಮೇಲಿನ ಹಲ್ಲೀನಾ?" ಎಂದರು ಇವರು.

"ಒಂದು ಕೈಗೇನ್ರೀ ಲೆಕ್ಕ, ಕೂತ್ಕೊಳ್ಳಿ," ಎಂದರು ಅಧ್ಯಕ್ಷರು.

"ಬರೆಯೋ ತನಕ ಕೂರಲ್ಲ."

ಒಬ್ಬರ ವಿರೋಧವಾದರೂ ದಾಖಲಾದರೆ ಊರವರನ್ನು ಕೇಳದೆ ಮುಂದುವರಿಯುವಂತಿಲ್ಲ ಎಂಬ ನಿಯಮ ಆ ಜೇಬಿನಲ್ಲಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ 'ಸರ್ವಾನುಮತ' ಎಂಬ ಆ ಹಸಿಸುಳ್ಳು. ಸದಸ್ಯರು ಫ್ಯಾನು ಆರಿಸಿ ಊಟಕ್ಕೆ ಹೋದರು. ಮಂಡಿನೋವಿನ ಮನುಷ್ಯ, ಕೋಟು ಬೆವರಿಗೆ ಬೆನ್ನಿಗಂಟಿದರೂ, ನಿಂತೇ ಇದ್ದರು. ನಾನು ಲೋಟ ಚಾಚಿದೆ.

"ಕೂತು ಕುಡೀರಪ್ಪ."

"ಕೂತ್ರೆ ಒಪ್ಪಿದ ಅಂತ ಬರ್ಕೋತಾರೆ, ಅಕ್ಕಾ."

ನನಗೆ ತಡೆಯಲಾಗಲಿಲ್ಲ. ಗುಮಾಸ್ತರ ಮೇಜಿಗೇ ಹೋಗಿ ಕೇಳಿದೆ: "ಏನಪ್ಪಾ, ನಿನ್ನ ಮಕ್ಕಳಿಬ್ರೂ ಅಲ್ಲೇ ಹುಟ್ಟಿದ್ದು. ಕಣ್ಣಾರೆ ಕಂಡಿದ್ದು ಬರೆಯೋಕೆ ಕೈ ಜೋಮು ಹಿಡಿದಿದ್ಯಾ?" ಗುಮಾಸ್ತರು ಪೆನ್ನು ಎತ್ತಿಕೊಂಡರು. ಬರೆದದ್ದನ್ನು ಹೊಡೆದು, 'ಒಬ್ಬರ ವಿರೋಧವಿದೆ' ಎಂದು ಬರೆದು ಓದಿದರು. ಇವರು ಆಗ ಕೂತರು.

ಊರವರನ್ನು ಕೇಳಿದ ದಿನ ಬಸುರಿಯರೂ ಅಜ್ಜಿಯರೂ ನಗರಸಭೆಯ ಮೆಟ್ಟಿಲಿನಿಂದ ಬೀದಿಯವರೆಗೆ ನಿಂತರು. ಆಸ್ಪತ್ರೆ ಉಳಿಯಿತು. ಅದಕ್ಕೆ ಸುಣ್ಣ ಹೊಡೆಸಿ, ಉಳಿಸಿದವರು ತಾವೇ ಎಂದು ಬಾಗಿಲಲ್ಲಿ ಕಲ್ಲು ಕೆತ್ತಿಸಿದವರೂ ಅದೇ ಅಧ್ಯಕ್ಷರು! ಮೊಮ್ಮಗಳನ್ನು ಎತ್ತಿಕೊಂಡು ಹೊರಬರುವಾಗ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಇಪ್ಪತ್ತೆರಡು ಹೆಸರು. ಇವರದಿಲ್ಲ. ನೇರ ಅವರ ಹತ್ತಿರವೇ ಹೋದೆ. ಹೇಳಿದರೆ ಅವರು ನಕ್ಕರು: "ಕಲ್ಲಿಗೂ ಒಂದು ವಿರೋಧ ಬರೆಸೋಣ ಬಿಡಿ."

ನನಗೆ ನಗು ಬರಲಿಲ್ಲ, ಇಂದಿಗೂ ಬರುವುದಿಲ್ಲ. ಇಂಥವರನ್ನು ಊರು ಗೇಲಿ ಮಾಡುತ್ತ ಸಹಿಸುತ್ತದೆ, ಕೆಲಸವಾದ ಮೇಲೆ ಮರೆಯುತ್ತದೆ, ಇನ್ನೊಂದು ಬಾಗಿಲು ಮುಚ್ಚುವಾಗ ಓಡಿಬಂದು ಹುಡುಕುತ್ತದೆ. ಆಗಲೂ ಅವರು ನಿಂತೇ ಇರುತ್ತಾರೆ, ಅದು ನಮ್ಮ ಪುಣ್ಯ. ಒಬ್ಬರೇ ನಿಂತಿರುತ್ತಾರೆ, ಅದು ನಮ್ಮ ನಾಚಿಕೆಗೇಡು.