ಹನ್ನೊಂದು ಪುಸ್ತಕ ಮುಗಿದ ಮೇಲೆ

ನಮ್ಮ ಅಬ್ಬಾ ಮೊಹಿನುದ್ದೀನ್, ಕಲ್ಯಾಣಿ ಊರಿನ ಮದರಸಾದಲ್ಲಿ ಕುರಾನ್ ಕಲಿಸುತ್ತಿದ್ದರು. ಹಿಂದಿನ ಸಬಕನ್ನು, ಅಂದರೆ ಪಾಠವನ್ನು, ಪುಸ್ತಕ ಮುಚ್ಚಿ ತಪ್ಪಿಲ್ಲದೆ ಒಪ್ಪಿಸಿದರೆ ಮಾತ್ರ ಮುಂದಿನ ಪಾಠ. ಒಂದಕ್ಷರ ತಪ್ಪಿದರೂ ಮತ್ತೆ ಮೊದಲಿನಿಂದ. ಆ ಪಾಠಕ್ಕೆ ಅದು ಸರಿಯೇ. ಮೂರ್ಖ ನಾನು, ಗಣಿತಕ್ಕೂ ಅದನ್ನೇ ಹಚ್ಚಿದೆ.

೧೯೩೪ರಲ್ಲಿ ಹೈದರಾಬಾದಿನಲ್ಲಿ ಉರ್ದು ಮಾಧ್ಯಮದಲ್ಲಿ ಬಿ.ಎಸ್ಸಿ. ಮುಗಿಸಿದಾಗ ನಮ್ಮ ಪ್ರೊಫೆಸರರು ಹನ್ನೊಂದು ಪುಸ್ತಕಗಳ ಪಟ್ಟಿ ಕೊಟ್ಟರು. ಇವನ್ನು ಒಮ್ಮೆ ತಿರುವಿ ಹಾಕಿ ಬಾ, ಕ್ವಾಂಟಮ್ ಕ್ಷೇತ್ರ ಸಿದ್ಧಾಂತದಲ್ಲಿ ನನ್ನ ಜೊತೆ ಕೆಲಸ ಮಾಡುವಿಯಂತೆ ಎಂದರು. ಆ ವಿಷಯದ ಒಂದು ಲೇಖನವನ್ನೂ ಕೈಗಿತ್ತರು. ನಾನು ಹುಮನಾಬಾದಿನಲ್ಲಿ ಶಾಲಾ ಮಾಸ್ತರನಾದೆ. ಹನ್ನೊಂದೂ ಬಾಯಿಪಾಠವಾಗದೆ ಮುಟ್ಟಬಾರದೆಂದು ಪಣ ತೊಟ್ಟು ಲೇಖನವನ್ನು ಟ್ರಂಕಿನ ತಳಕ್ಕೆ ಹಾಕಿದೆ.

ಒಂಬತ್ತು ವರ್ಷ ಸವೆದವು. ಶಾಲೆಯಿಂದ ಸಾಕಾಗಿ ಬಂದರೂ ಕೂತು ಒಪ್ಪಿಸುತ್ತಿದ್ದೆ. ನನ್ನ ಹೆಂಡತಿ ಹಜಿರಾ ಬೀ ಉರ್ದು ಗಣಿತ ಪುಸ್ತಕ ಹಿಡಿದು, ಸಾಲಿನ ಮೇಲೆ ಬೆರಳಾಡಿಸುತ್ತ ತಪ್ಪು ಹಿಡಿಯುತ್ತಿದ್ದಳು. ತಪ್ಪಿದರೆ ಮೊದಲ ಪುಟಕ್ಕೆ. ಕಣ್ಣು ಉರಿಯುತ್ತಿತ್ತು, ತಲೆ ಕೆಲಸ ಮಾಡುತ್ತಿರಲಿಲ್ಲ. ನಾನೇನೋ ದೊಡ್ಡ ಸಾಧನೆ ಮಾಡುತ್ತಿದ್ದೇನೆಂಬ ಹಮ್ಮು ಮಾತ್ರ ಹಾಗೇ ಇತ್ತು.

ಈ ಫೆಬ್ರುವರಿಯಲ್ಲಿ ಪ್ರೊಫೆಸರರ ಕಾಗದ ಬಂತು. ಒಂದೇ ಜಾಗವಿದೆ, ತಿಂಗಳೊಳಗೆ ಬಾ, ಇದೇ ಕೊನೆಯ ಕರೆ ಎಂದಿದ್ದರು. ಹನ್ನೊಂದನೆಯ ಪುಸ್ತಕದ ಎರಡು ಅಧ್ಯಾಯ ಬಾಕಿಯಿದೆ, ಒಂದು ವರ್ಷ ಕೊಡಿ ಎಂದು ಬರೆಯಲು ಕೂತೆ.

"ನೀವು ಕಲಿಯಾಕತ್ತಿಲ್ರಿ, ಹೆದರಾಕತ್ತೀರಿ," ಎಂದಳು ಹಜಿರಾ.

"ನಿನಗೇನ್ ತಿಳೀತದ? ಅರ್ಧಾ ಕಲ್ತು ಹ್ಯಾಂಗ ಹೋಗ್ಲಿ?"

"ಅವ್ರು ತಿರುವಿ ಹಾಕು ಅಂದಿದ್ರು. ಬಾಯಿಪಾಠ ಮಾಡು ಅಂದಿದ್ರೇನ್ರಿ?"

ಸಿಟ್ಟು ನೆತ್ತಿಗೇರಿತು. ಕಾಗದ ಅಂಚೆಗೆ ಹಾಕಿಯೇ ಬಂದೆ.

ಉತ್ತರ ಬೇಗನೆ ಬಂತು. ಆ ಜಾಗವನ್ನು ಬೇರೊಬ್ಬನಿಗೆ ಕೊಟ್ಟಿದ್ದರು. ಅವನು ಪಟ್ಟಿಯಲ್ಲಿ ನಾಲ್ಕೇ ಪುಸ್ತಕ ಓದಿದ್ದನಂತೆ, ಉಳಿದದ್ದನ್ನು ಕೆಲಸ ಮಾಡುತ್ತಲೇ ಕಲಿಯುತ್ತಾನಂತೆ. ಇನ್ನು ಪಣ ಯಾರಿಗಾಗಿ? ಟ್ರಂಕಿನಿಂದ ಲೇಖನ ತೆಗೆದು ಬಾಗಿಲ ಬಳಿ ಬೆಳಕಿಗೆ ಕೂತೆ.

ಕ್ಷೇತ್ರವೆಂದರೆ ಲೆಕ್ಕವಿಲ್ಲದಷ್ಟು ಸ್ಪ್ರಿಂಗುಗಳು ಕಂಪಿಸಿದ ಹಾಗೆ, ಒಂದೊಂದನ್ನೂ ಬೇರೆ ಮಾಡಿ ಲೆಕ್ಕ ಬಿಡಿಸಬಹುದು ಎಂದು ಅಲ್ಲಿತ್ತು. ಸ್ಪ್ರಿಂಗಿನ ಗಣಿತ ನನಗೆ ೧೯೩೬ರಲ್ಲೇ ಬಾಯಿಗೆ ಬಂದಿತ್ತು. ಎರಡನೆಯ ಪುಟ, ಐದನೆಯ ಪುಟ, ಕೊನೆಯ ಪುಟ. ಎಲ್ಲಿಯೂ ಎಡವಲಿಲ್ಲ.

"ತಿಳೀತೇನ್ರಿ?" ಎಂದು ಹಜಿರಾ ಮೆಲ್ಲಗೆ ಕೇಳಿದಳು.

"ತಿಳೀತು," ಎಂದೆ. "ಏಳು ವರ್ಷದ ಹಿಂದ ಓದಿದ್ರೂ ತಿಳೀತಿತ್ತು."